ಚರ್ಚಿನ ಬಾಗಿಲಲ್ಲಿದ್ದ ಸಾಲು

ನಮ್ಮ ಊರಿನ ಚರ್ಚಿಗೆ ಎರಡನೆಯ ಆರಾಧನೆ ಬಂದಾಗಿನಿಂದ ನನಗೆ ರವಿವಾರ ಬೇಡವಾಗಿದೆ. ಹೀಗೆ ಬರೆದರೆ ನಮ್ಮವರೇ ಬೈಯುತ್ತಾರೆ, ಗೊತ್ತಿದೆ. ಬೈಯಲಿ.

ಸಂಶಿಯ ಆಚೆ, ಎರೆಹೊಲಗಳ ನಡುವೆ ಇರುವ ಸಣ್ಣ ಚರ್ಚು ನಮ್ಮದು. ಅಲ್ಲಿ ಒಂದು ಪದ್ಧತಿ ಇತ್ತು. ಆರಾಧನೆ ಮುಗಿದ ಮೇಲೆ ಪಾಸ್ಟರು ಬಾಗಿಲ ಹೊರಗೆ ನಿಲ್ಲುತ್ತಿದ್ದರು. ಮೊದಲು ಹೊರಬಂದವರು ಅವರ ಕೈ ಕುಲುಕಿ, ‘ವಂದನೆ’ ಎಂದು, ಅವರ ಬಾಜು ನಿಲ್ಲುವುದು. ಎರಡನೆಯವರು ಆ ಇಬ್ಬರ ಕೈ ಕುಲುಕಿ ಅವರ ಪಕ್ಕ ನಿಲ್ಲುವುದು. ಹೀಗೆ ಸಾಲು ಬೇವಿನ ಗಿಡ ದಾಟಿ ರಸ್ತೆಯವರೆಗೆ ಬೆಳೆಯುತ್ತಿತ್ತು. ಕೊನೆಯ ಮನುಷ್ಯ ಹೊರಬರುವ ಹೊತ್ತಿಗೆ ಎಲ್ಲರೂ ಎಲ್ಲರ ಕೈ ಮುಟ್ಟಿರುತ್ತಿದ್ದರು. ಹೊಲ ಇದ್ದವರು, ಆ ಹೊಲದಲ್ಲಿ ಹತ್ತಿ ಬಿಡಿಸುವವರು, ನೌಕರಿಯವರು, ಎಲ್ಲರಿಗೂ ಅದೇ ಸಾಲು. ಮಾತು ಬಿಟ್ಟವರೂ ಕೈ ಕುಲುಕಲೇಬೇಕು. ಸಾಲಿನಲ್ಲಿ ಒಬ್ಬರನ್ನು ಬಿಟ್ಟು ಮುಂದೆ ಹೋಗುವುದು ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಕೊಡುವ ಪ್ರಭು ಭೋಜನದಲ್ಲಿ ಬಟ್ಟಲನ್ನು ದೂಡಿದಷ್ಟೇ ಕೆಟ್ಟದ್ದು ಎಂದು ಹಿರಿಯರು ನಮಗೆ ಕಲಿಸಿದ್ದರು.

ನನಗೂ ನನ್ನ ಅಕ್ಕನಿಗೂ ಉಳಿದದ್ದು ಆ ಸಾಲು ಒಂದೇ.

ನಮ್ಮಿಬ್ಬರನ್ನೂ ಕೊಟ್ಟದ್ದು ಇದೇ ಊರಿಗೆ. ಅವಳ ಮನೆ ಮೇಲಿನ ಓಣಿ, ನನ್ನದು ಕೆಳಗಿನ ಓಣಿ. ನನ್ನ ಮಗಳ ಮದುವೆಯಲ್ಲಿ ಆಯೇರಿ ಮಾಡುವಾಗ, ಅಂದರೆ ನೆಂಟರಿಗೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವಾಗ, ಅಕ್ಕನ ಗಂಡನಿಗೆ ಮೊದಲು ಟೊಪ್ಪಿಗೆ ಹಾಕಬೇಕಿತ್ತು. ನಮ್ಮ ತವರಿನ ಹಿರಿಯ ಅಳಿಯ ಅವರು. ಗದ್ದಲದಲ್ಲಿ ನಮ್ಮ ಮನೆಯವರ ಸೋದರಮಾವನಿಗೆ ಮೊದಲು ಹಾಕಿಬಿಟ್ಟರು. ಭಾವ ಉಣ್ಣದೇ ಎದ್ದು ಹೋದರು. ಅಂದಿನಿಂದ ಅಕ್ಕ ನಮ್ಮ ಹೊಸ್ತಿಲು ತುಳಿಯಕೂಡದು, ನಾನು ಅವರದ್ದು ತುಳಿಯಕೂಡದು, ಫೋನೂ ಕೂಡದು. ನಮ್ಮ ಮನೆಯವರು ಕ್ಷಮೆ ಕೇಳಲು ಹೋದರೆ ಬಾಗಿಲೇ ತೆಗೆಯಲಿಲ್ಲ. ಒಂದು ಟೊಪ್ಪಿಗೆಗೆ ಇಷ್ಟು.

ಆದರೆ ಚರ್ಚಿನ ಸಾಲಿನಲ್ಲಿ ಭಾವನ ಹುಕುಂ ನಡೆಯುತ್ತಿರಲಿಲ್ಲ. ಪ್ರತಿ ರವಿವಾರ ಅಕ್ಕನ ಕೈ ನನ್ನ ಕೈಗೆ ಬರುತ್ತಿತ್ತು. ‘ವಂದನೆ’ ಬಿಟ್ಟರೆ ಬೇರೆ ಮಾತಿಲ್ಲ. ಅವಳು ಹೆಬ್ಬೆರಳಿನಿಂದ ನನ್ನ ಅಂಗೈ ಒತ್ತುತ್ತಿದ್ದಳು, ನಾನೂ ಒತ್ತುತ್ತಿದ್ದೆ. ಅವಳ ಸುದ್ದಿಯೆಲ್ಲ ಆ ಕೈಯಿಂದಲೇ ತಿಳಿಯುತ್ತಿತ್ತು. ಬಿಸಿ ಇದ್ದರೆ ಜ್ವರ. ಬೆರಳು ಗೀರಿದ್ದರೆ ಹತ್ತಿ ಬಿಡಿಸಲು ಹೋಗಿದ್ದಾಳೆ. ಬಳೆ ಸಡಿಲಾಗಿದ್ದರೆ ಸೊರಗಿದ್ದಾಳೆ. ವಾರವೆಲ್ಲ ನಾನು ಅದರ ಮೇಲೆಯೇ ಬದುಕುತ್ತಿದ್ದೆ.

ಆಗ ಹೊಸ ಪಾಸ್ಟರು ಬಂದರು. ಮೈಸೂರು ಕಡೆಯವರು, ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ಅದೇ ನನ್ನ ಸಂಕಟ, ಸಿಟ್ಟು ಮಾಡಲು ಸರಿಯಾದ ಆಳೂ ಸಿಗಲಿಲ್ಲ. ಯರಗುಪ್ಪಿ ಕಡೆಯಿಂದ ಟಂಟಂ ಗಾಡಿ ಹತ್ತಿ ಬರುವವರು ಹೆಚ್ಚಾಗಿದ್ದರು, ಜಾಗ ಸಾಲದೆ ಜನ ಕಿಟಕಿಯ ಹೊರಗೆ ನಿಲ್ಲುತ್ತಿದ್ದರು. ಹೊರಗೆ ನಿಂತವರು ಮತ್ತೊಂದು ವಾರ ಬರುವುದಿಲ್ಲ, ಸಭೆ ಬೆಳೆಯಬೇಕಾದರೆ ಎರಡು ಆರಾಧನೆ ಬೇಕು ಎಂದರು ಪಾಸ್ಟರು. ಕಮಿಟಿ ಒಪ್ಪಿತು. ಕೆಳಗಿನ ಓಣಿಗೆ ಮುಂಜಾನೆಯದು, ಮೇಲಿನ ಓಣಿಗೂ ಪರ ಊರಿನವರಿಗೂ ಆಮೇಲಿನದು. ನಡುವೆ ಹೊತ್ತು ಕಡಿಮೆ, ಆದ್ದರಿಂದ ಇನ್ನು ಸಾಲು ಬೇಡ; ಕುಳಿತಲ್ಲಿಯೇ ಕೈ ಮುಗಿದು ಬಾಜೂ ಬಾಗಿಲಿನಿಂದ ಹೊರಡಿ ಎಂದರು. ಯಾರೂ ತಕರಾರು ಮಾಡಲಿಲ್ಲ. ಮನೆಗೆ ಬೇಗ ಹೋಗಬಹುದೆಂದು ಎಷ್ಟೋ ಜನ ಖುಷಿಪಟ್ಟರು.

ನನ್ನನ್ನು ಎರಡನೆಯದಕ್ಕೆ ಹಾಕಿರಿ ಎಂದು ಕಮಿಟಿಯ ಹಿರಿಯರನ್ನು ಕೇಳಿದೆ. ನಾನು ಹೋದರೆ ಮುಂಜಾನೆ ಹಾಡು ಎತ್ತಿಕೊಡುವವರು ಯಾರು ಎಂದು ಅವರು ನಕ್ಕರು. ಆದರೂ ಒಂದು ರವಿವಾರ ಹಟ ಹಿಡಿದು ಎರಡನೆಯದಕ್ಕೂ ಕುಳಿತೆ. ಮುಗಿದೊಡನೆ ಭಾವ ಅಕ್ಕನನ್ನು ಮುಂದೆ ಮಾಡಿಕೊಂಡು ಬಾಜೂ ಬಾಗಿಲಿನಿಂದ ಹೊರಟುಬಿಟ್ಟರು. ಸಾಲು ಇದ್ದಿದ್ದರೆ ಅವರಿಗೆ ಹಾಗೆ ಹೋಗಲು ಬರುತ್ತಿರಲಿಲ್ಲ. ಈಗ ಹಾಗೆ ಹೋಗುವುದೇ ಶಿಸ್ತು. ಅಕ್ಕ ತಿರುಗಿ ನೋಡಿದಳು, ಅಷ್ಟೇ.

ಸಭೆ ಬೆಳೆಯಿತು, ಸುಳ್ಳು ಹೇಳಲಾರೆ. ಎರಡೂ ಹೊತ್ತು ಚರ್ಚು ತುಂಬುತ್ತದೆ, ಹೊಸ ಮೈಕು ಬಂದಿದೆ. ನನಗೆ ಮಾತ್ರ ಅಲ್ಲಿ ಉಸಿರು ಕಟ್ಟುತ್ತದೆ.

ಈ ಸಲ ಹತ್ತಿ ಬಿಡಿಸುವ ಕಾಲಕ್ಕೆ, ಮುಂಜಾನೆಯ ಆರಾಧನೆಯಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸುವಾಗ ಪಾಸ್ಟರು ಅಕ್ಕನ ಹೆಸರು ಹೇಳಿದರು. ಲಕ್ವಾ ಹೊಡೆದಿತ್ತು. ಬಲಗೈ ಹೋಗಿತ್ತು, ಮಾತೂ ಹೋಗಿತ್ತು. ನಮ್ಮ ಓಣಿಯ ಅರ್ಧ ಜನಕ್ಕೆ ಮೊದಲೇ ಗೊತ್ತಿತ್ತಂತೆ. ನಮ್ಮ ಜಗಳದಲ್ಲಿ ತಾವೇಕೆ ಬೀಳಬೇಕೆಂದು ಸುಮ್ಮನಿದ್ದರಂತೆ. ಚಪ್ಪಲಿ ಮೆಟ್ಟದೆ ಮೇಲಿನ ಓಣಿಗೆ ಓಡಿದೆ. ಭಾವ ಬಾಗಿಲಿಗೆ ಅಡ್ಡ ನಿಂತಿದ್ದರು. “ಆಕಿಗೆ ಆರಾಮ ಬೇಕು. ಹೋಗ್ರಿ,” ಎಂದರು. ಮೊದಲೆಲ್ಲ ನನ್ನನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದ ಮನುಷ್ಯ. ಕಾಲು ಹಿಡಿಯುತ್ತೇನೆ ಎಂದೆ. ಬಾಗಿಲು ಹಾಕಿಕೊಂಡರು.

ಹಾಸಿಗೆ ಹಿಡಿದವರಿಗೆ ಪಾಸ್ಟರು ಎರಡು ಆರಾಧನೆಗಳ ನಡುವಿನ ಹೊತ್ತಿನಲ್ಲಿಯೇ ಪ್ರಭು ಭೋಜನ ಒಯ್ದು ಕೊಡುತ್ತಾರೆ. ಮುಂದಿನ ರವಿವಾರ ಅವರನ್ನು ಬಾಜೂ ಬಾಗಿಲಲ್ಲಿ ತಡೆದು ಎಲ್ಲ ಹೇಳಿದೆ. ಆಮೇಲೆ ಅವರ ಕೈ ಹಿಡಿದು, ಹೆಬ್ಬೆರಳಿನಿಂದ ಅಂಗೈ ಒತ್ತಿದೆ.

“ಆಕಿ ಎಡಗೈ ಹಿಡದು ಹಿಂಗ ಒತ್ರಿ. ತಂಗಿ ಕಳಿಸ್ಯಾಳ ಅಂತ ಹೇಳ್ರಿ. ಮತ್ತೇನೂ ಬ್ಯಾಡ.”

ಅವರು ಮುಜುಗರಪಟ್ಟುಕೊಂಡರು. ಆದರೆ ಆಗಲಿ ಎಂದು ಮೋಟರ್ ಸೈಕಲ್ ಹತ್ತಿ ಹೋದರು. ನಾನು ಬೇವಿನ ಗಿಡದ ಕೆಳಗೆ ಕಾಯುತ್ತ ನಿಂತೆ. ಎರಡನೆಯ ಆರಾಧನೆಯ ಜನ ಒಳಗೆ ಹೋಗಿ ಕುಳಿತರು, ಹಾಡು ಶುರುವಾಯಿತು. ಆಗ ಅವರು ಗಡಿಬಿಡಿಯಿಂದ ಬಂದರು.

“ಹೇಳಿದೆ ಅಮ್ಮ, ನೀವು ಹೇಳಿದ ಹಾಗೇ ಒತ್ತಿದೆ. ಅವರಿಗೆ ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು. ನನ್ನ ಕೈ ಬಿಡಲೇ ಇಲ್ಲ.”

“ಆಮ್ಯಾಲ?” ಎಂದೆ.

“ಇಲ್ಲಿ ಎರಡನೇ ಆರಾಧನೆಗೆ ಹೊತ್ತಾಗಿತ್ತಲ್ಲಮ್ಮ. ಒಂದೊಂದೇ ಬೆರಳು ಬಿಡಿಸಿಕೊಂಡು ಬರಬೇಕಾಯಿತು.”

ಅಷ್ಟು ಹೇಳಿ ಅವರು ಒಳಗೆ ಓಡಿದರು.