ಹದಿನಾಲ್ಕನೇ ನಂಬರಿನ ಮೊಣಕಾಲು

ನೆದರ್‌ಲ್ಯಾಂಡ್ಸ್‌ನ ಹೆಣ್ಣುಮಕ್ಕಳ ಫುಟ್‌ಬಾಲ್ ನೋಡುವುದೇ ಇಳಕಲ್ಲಿನಲ್ಲಿ ನಮ್ಮ ನೌಕರಿ ಅಂದರೆ ನಮ್ಮ ಮಾವನವರು ಇವತ್ತಿಗೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಆ ದೇಶದ ಒಂದು ಸಣ್ಣ ಊರಿನಲ್ಲಿ ಒಂದು ಮಹಿಳಾ ಕ್ಲಬ್ ಇದೆ. ಅಲ್ಲಿಯ ಆಟಗಾರ್ತಿಯರಿಗೆ ಆಡುವುದೇ ಹೊಟ್ಟೆಪಾಡು. ಅವರು ರವಿವಾರ ಆಡಿದ್ದರ ವಿಡಿಯೊ ಸೋಮವಾರ ನಮ್ಮ ಕಂಪ್ಯೂಟರಿಗೆ ಬರುತ್ತದೆ. ಯಾವ ನಂಬರಿನವಳು ಚೆಂಡು ಮುಟ್ಟಿದಳು, ಯಾರಿಗೆ ಕೊಟ್ಟಳು, ಎಲ್ಲಿ ಕಳೆದುಕೊಂಡಳು ಎಂದು ಒಂದೊಂದಕ್ಕೂ ಒಂದೊಂದು ಕೀ ಒತ್ತುತ್ತಾ ಹೋಗಬೇಕು. ಆ ಲೆಕ್ಕ ಕ್ಲಬ್ಬಿಗೆ ಹೋಗುತ್ತದೆ. ಒಂದು ಪಂದ್ಯಕ್ಕೆ ಎರಡು ದಿನ ಹಿಡಿಯುತ್ತದೆ. ಒಂಬತ್ತು ಜನರ ಈ ಕಚೇರಿಗೆ ನಾನು ಮೇಲ್ವಿಚಾರಕ. ಹೆಸರು ಚೇತನಕುಮಾರ.

ಆ ಕ್ಲಬ್ಬಿನ ಕೆಲಸ ಬನಶಂಕರಿಯದು. ಗುಡೂರಿನಿಂದ ಬಸ್ಸಿಗೆ ಬರುತ್ತಾಳೆ. ನೇಕಾರರ ಮನೆಯ ಹುಡುಗಿ, ಬಿ.ಎ. ಓದಿದ್ದಾಳೆ, ಜನ್ಮದಲ್ಲಿ ಚೆಂಡು ಒದ್ದವಳಲ್ಲ. ಗೋಲಾದರೆ ಪಕ್ಕದ ಕುರ್ಚಿಯ ಮುನಾಫ ಮೇಜು ಗುದ್ದಿ ಕುಣಿಯುತ್ತಾನೆ. ಇವಳು ಗೋಲಿನ ಕೀ ಒತ್ತಿ ಮುಂದೆ ಹೋಗುತ್ತಾಳೆ. ಮೊದಮೊದಲು ನನಗೆ ಇವಳ ಮೇಲೆ ಸಿಟ್ಟೇ ಬರುತ್ತಿತ್ತು. ನಕ್ಕರೆ ಇವಳ ಗಂಟೇನು ಹೋಗುತ್ತದೆ ಅಂದುಕೊಳ್ಳುತ್ತಿದ್ದೆ. ಆದರೆ ತಪ್ಪು ಹುಡುಕಲು ಕೂತರೆ ಇವಳ ಕೆಲಸದಲ್ಲಿ ಒಂದೂ ಸಿಗುತ್ತಿರಲಿಲ್ಲ.

ಹೋದ ವರ್ಷ ಒಂದು ದಿನ ಕರೆದಳು.

"ಸರ, ಈ ಹದಿನಾಲ್ಕನೇ ನಂಬರಿನಾಕಿ ಬಲ ಮೊಣಕಾಲಿಗೆ ಏನೋ ಆಗೇತ್ರಿ."

ನಾನು ಬಗ್ಗಿ ನೋಡಿದೆ. ಎತ್ತರದ ಹುಡುಗಿ, ಕೆಂಪು ಜಡೆ, ಗಾಳಿ ಹೊಕ್ಕವಳಂತೆ ಓಡುತ್ತಿದ್ದಳು.

"ಏನಾಗೇತಿ? ಚಲೋ ಓಡಾಕತ್ತಾಳಲ್ಲ."

"ಓಡೂದು ನೋಡಬ್ಯಾಡ್ರಿ, ನಿಂದ್ರೂದು ನೋಡ್ರಿ. ಮೈಭಾರ ಎಲ್ಲಾ ಎಡಗಾಲಿಗೆ ಹಾಕ್ತಾಳ. ಬಿದ್ದು ಏಳಬೇಕಾದ್ರ ಕೈಯೂರ್ತಾಳ. ಮೂರು ಮ್ಯಾಚ್ ಆತು, ನೋಡಾಕತ್ತೇನಿ."

"ಅದಕ್ಕ ಕೀ ಇಲ್ಲ ಬಿಡ್ರಿ. ಇದ್ದದ್ದು ಒತ್ರಿ," ಅಂದೆ.

ಅವಳು ಬಿಡಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿಟ್ಟುಕೊಂಡು, ರೊಟ್ಟಿ ಮುಟ್ಟದೆ, ತನ್ನ ಅವ್ವನ ಸಂಗತಿ ಹೇಳಿದಳು. ಅವ್ವ ಸುಂದರವ್ವ ಮೂವತ್ತು ವರ್ಷ ಕುಣಿ ಮಗ್ಗದಲ್ಲಿ ಸೀರೆ ನೇಯ್ದವಳು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ದಿನವಿಡೀ ಹಲಗೆ ತುಳಿಯುವ ಕೆಲಸ.

"ಕುಣಿಯಿಂದ ಏಳಬೇಕಾದ್ರ ಬಲಗಾಲು ಎರಡೂ ಕೈಲೆ ಎತ್ತಿ ಹೊರಗ ಇಡ್ತಿದ್ಲ್ರಿ. ಎರಡು ವರ್ಷ ನಾ ದಿನಾ ನೋಡೇನಿ. ಒಂದಿನಾನೂ ಯಾಕವ್ವಾ ಅಂತ ಕೇಳಲಿಲ್ಲ."

ಆಮೇಲೊಂದು ದಿನ ಸುಂದರವ್ವ ಕುಣಿಯಲ್ಲೇ ಕುಸಿದಳು. ಬಾಗಲಕೋಟೆಗೆ ಕರೆದೊಯ್ದರೆ ಡಾಕ್ಟರು ಎರಡು ವರ್ಷ ಮೊದಲೇ ಬರಬೇಕಿತ್ತು ಅಂದರು. ಈಗ ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುತ್ತಾಳೆ, ಅಷ್ಟೇ. ಇದನ್ನೆಲ್ಲ ಬನಶಂಕರಿ ಬಸ್ಸಿನ ವೇಳೆ ಹೇಳುವವರ ದನಿಯಲ್ಲಿ ಹೇಳಿದಳು. ಕಣ್ಣು ಒದ್ದೆಯಾಗಲಿಲ್ಲ. ಅವ್ವ ಬಿದ್ದ ದಿನದಿಂದ ತನಗೆ ಏನೂ ಅನಿಸುವುದೇ ಇಲ್ಲ ಎಂದಳು.

"ಈ ಸಲ ಹೇಳಿಬಿಡ್ತೇನ್ರಿ ಸರ. ಕೇಳೂದು ಬಿಡೂದು ಅವರಿಗೆ ಬಿಟ್ಟದ್ದು."

ಪ್ರತಿ ಪಂದ್ಯದ ಲೆಕ್ಕದ ಜತೆ ಕ್ಲಬ್ಬಿಗೆ ಹೋಗುವ ಫಾರ್ಮಿನ ಕೊನೆಗೆ ಷರಾ ಬರೆಯಲು ಒಂದು ಚೌಕ ಇದೆ. ಯಾರೂ ಅದರಲ್ಲಿ ಬರೆಯುವುದಿಲ್ಲ. ಅವಳು ಕನ್ನಡದಲ್ಲೇ ಬರೆದಳು: "೧೪ನೇ ನಂಬರಿನವರ ಬಲ ಮೊಣಕಾಲು ನೋಯುತ್ತಿದೆ. ದಯವಿಟ್ಟು ಒಮ್ಮೆ ತೋರಿಸಿ." ಇಂಗ್ಲಿಷ್ ಮಾಡಿ ಕಳಿಸಿ ಎಂದು ಕೇಳಿಕೊಂಡಳು. ಹೂಂ ಅಂದೆ.

ಕಳಿಸಲಿಲ್ಲ. ಕೇಳದ್ದನ್ನು ಹೇಳಲು ಹೋಗಬೇಡಿ ಎಂದು ನಮ್ಮ ಕಂಪನಿಯ ಮೇಲಿನ ಕಚೇರಿಯವರು ಒಮ್ಮೆ ನನ್ನ ಮುಖಕ್ಕೆ ಹೊಡೆದಂತೆ ಬರೆದಿದ್ದರು. ಮರುತಿಂಗಳು ನಮ್ಮ ಕರಾರು ಬೇರೆ ಮುಗಿಯುವುದಿತ್ತು. ಇಳಕಲ್ಲಿನವರು ಮೊಣಕಾಲಿನ ಚಿಕಿತ್ಸೆ ಶುರು ಮಾಡಿದ್ದಾರೆ ಅಂತ ನಗುತ್ತಾರೆ ಅನಿಸಿತು. ಆ ಎರಡು ಸಾಲು ಅಳಿಸಿ ಫಾರ್ಮು ಕಳಿಸಿದೆ. ಹೆದರುಪುಕ್ಕಲತನ ಅನ್ನದೆ ಅದಕ್ಕೆ ಬೇರೆ ಹೆಸರಿಲ್ಲ.

ಎರಡು ವಾರ ಬಿಟ್ಟು ಬಂದ ವಿಡಿಯೊದಲ್ಲಿ ಹದಿನಾಲ್ಕು ಬಿದ್ದಳು. ಹತ್ತಿರ ಯಾರೂ ಇರಲಿಲ್ಲ. ತಿರುಗಲೆಂದು ಬಲಗಾಲು ಊರಿದಳು, ಮೊಣಕಾಲು ಒಳಕ್ಕೆ ವಾಲಿತು, ಹುಲ್ಲಿನ ಮೇಲೆ ಹೊರಳಿ ಬಾಯಿ ತೆರೆದಳು. ನಮ್ಮ ವಿಡಿಯೊಗಳಿಗೆ ಧ್ವನಿ ಇರುವುದಿಲ್ಲ. ಬನಶಂಕರಿ ನಾಲ್ಕು ಸಲ ಹಿಂದಕ್ಕೆ ಎಳೆದು ನೋಡಿದಳು. ಚೆಂಡು ಕಳೆದದ್ದು, ಆಟ ನಿಂತದ್ದು, ಹದಿನಾಲ್ಕು ಹೊರಗೆ, ಇಪ್ಪತ್ತೆರಡು ಒಳಗೆ ಎಂದು ಕೀ ಒತ್ತಿದಳು. ಎಲ್ಲ ಸರಿಯಾಗಿತ್ತು.

ಆಮೇಲೆ ಕುರ್ಚಿ ತಿರುಗಿಸಿದಳು.

"ಸರ, ಅವತ್ತು ಬರದದ್ದು ನೀವು ಕಳಿಸಿದ್ರಿ ಹೌದಲ್ರಿ?"

"ಕಳಿಸಿದ್ದೆ," ಅಂದೆ.

ಅವಳು ಪರದೆಯ ಕಡೆ ಒಮ್ಮೆ ತಿರುಗಿ ನೋಡಿದಳು.

"ಹಂಗಾದ್ರ ಅವರು ಓದ್ಯಾರ. ಓದಿನೂ ಆಡಿಸ್ಯಾರ. ನಾ ಅವ್ವಂದು ಅವಾಗ ಹೇಳಿದ್ರೂ ಹಿಂಗ ಆಗ್ತಿತ್ತು ಬಿಡ್ರಿ."

ಅವಳ ಭುಜ ಕೆಳಗಿಳಿದದ್ದು ನನಗೆ ಕಂಡಿತು. ಕೆಲಸಕ್ಕೆ ಸೇರಿದ ಮೂರು ವರ್ಷದಲ್ಲಿ ಮೊದಲ ಸಲ ಅವಳ ಮೈ ಹಗುರಾಗಿತ್ತು, ಅದೂ ನನ್ನ ಸುಳ್ಳಿನಿಂದ. ಮರುದಿನ ಬಂದವಳು, ಇದನ್ನು ಅವ್ವನಿಗೂ ಹೇಳಿದ್ದಾಗಿ, ಅದಕ್ಕೆ ಅವ್ವ "ಅದನ್ನ ನಾ ಎಷ್ಟು ಸಲ ಹೇಳೇನಿ, ನಿಂದೇನೂ ತಪ್ಪಿಲ್ಲಂತ" ಅಂದಳೆಂದು ತಿಳಿಸಿದಳು. ಆ ಮಧ್ಯಾಹ್ನ ಮೂರು ರೊಟ್ಟಿ ತಿಂದಳು. ಷರಾ ಚೌಕದಲ್ಲಿ ಮತ್ತೆ ಒಂದಕ್ಷರ ಬರೆಯಲಿಲ್ಲ.

ಹನ್ನೊಂದು ತಿಂಗಳ ಮೇಲೆ ಹದಿನಾಲ್ಕು ಆಟಕ್ಕೆ ಮರಳಿದಳು. ಜಡೆ ಕತ್ತರಿಸಿದ್ದಳು. ಅಷ್ಟರಲ್ಲಿ ನನಗೂ ಕಾಲು ನೋಡುವ ಚಾಳಿ ಹತ್ತಿತ್ತು. ಮೂರನೇ ಪಂದ್ಯದ ಹೊತ್ತಿಗೆ ಅನುಮಾನ ಬಂತು.

"ಬನಶಂಕರಿ, ಇಲ್ಲಿ ನೋಡ್ರಿ. ಈಗ ಎಡಗಾಲು ಎಳ್ಯಾಕತ್ತಾಳೇನು?"

"ಹೌದ್ರಿ. ಮೊನ್ನೆ ಮ್ಯಾಚಿನಿಂದ."

"ಮತ್ತ ಬರೀಲಿಲ್ಲ?"

"ಅದಕ್ಕ ಕೀ ಇಲ್ಲಲ್ರಿ ಸರ," ಎಂದು ಮುಂದಿನ ಪಾಸ್ ಒತ್ತಿದಳು.

ನಾನು ನನ್ನ ಮೇಜಿಗೆ ಹೋಗಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಕಳಿಸಿದೆ. ನೌಕರಿ ಹೋದರೆ ಹೋಗಲಿ ಅನಿಸಿತ್ತು. ಊಟದ ಹೊತ್ತಿಗೆ ಕ್ಲಬ್ಬಿನಿಂದಲೇ ಉತ್ತರ ಬಂತು. ತುಂಬಾ ಉಪಕಾರವಾಯಿತು, ಇವತ್ತೇ ಕಾಲು ಪರೀಕ್ಷೆ ಮಾಡಿಸುತ್ತೇವೆ, ಇಂಥದ್ದು ಕಂಡಾಗಲೆಲ್ಲ ದಯವಿಟ್ಟು ತಿಳಿಸಿ ಎಂದಿತ್ತು. ನಾಲ್ಕು ಸಲ ಓದಿದೆ. ಡಬ್ಬಿ ಬಿಚ್ಚದೆಯೇ ಮನೆಗೆ ಒಯ್ದೆ.

ಮುಂದಿನ ಸೋಮವಾರದ ವಿಡಿಯೊದಲ್ಲಿ ಹದಿನಾಲ್ಕು ಅಂಗಳದ ಹೊರಗೆ, ಹೊದಿಕೆ ಹೊದ್ದು ಬೆಂಚಿನ ಮೇಲೆ ಕೂತಿದ್ದಳು. ಬನಶಂಕರಿ ಪರದೆಯ ಮೂಲೆಗೆ ಬೆರಳಿಟ್ಟಳು.

"ಈಕಿ ಯಾಕ ಆಡವಲ್ಲಳ್ರಿ ಇವತ್ತು? ಯಾರರೆ ಏನರೆ ಹೇಳ್ಯಾರೇನ್ರಿ?"

ಕ್ಲಬ್ಬಿನ ಆ ಉತ್ತರ ನನ್ನ ಕಂಪ್ಯೂಟರಿನಲ್ಲಿ ತೆರೆದೇ ಇತ್ತು. ತೋರಿಸಿದರೆ, ಹೇಳಿದ್ದರೆ ಕೇಳುತ್ತಿದ್ದರು ಎಂದು ಅವಳಿಗೆ ಗೊತ್ತಾಗುತ್ತದೆ. ಸುಂದರವ್ವನ ಕಾಲಿನ ಹೊರೆ ಮತ್ತೆ ಅವಳ ತಲೆಯ ಮೇಲೆ ಬಂದು ಕೂರುತ್ತದೆ.

"ಗೊತ್ತಿಲ್ರಿ," ಅಂದೆ.