ರಂಗಮ್ಮಾಳ್ ಬಯಸಿದ ಮೂರನೇ ದರ್ಜೆ

ಕೊಂಬೈ ಊರಿನ ರಂಗಮ್ಮಾಳ್ ಆರೈಕೆ ಮನೆ ಸೇರಿದ್ದು ಯಾರೋ ಕೈಬಿಟ್ಟರೆಂದಲ್ಲ, ಹೊಟ್ಟೆಕಿಚ್ಚಿನಿಂದ. ಲಕ್ವ ಹೊಡೆದ ಓರಗಿತ್ತಿ ರಾಜಮ್ಮಾಳನ್ನು ಆಂಡಿಪಟ್ಟಿಯ ಆ ಮನೆಯಲ್ಲಿ ಬಿಟ್ಟಿದ್ದರು. ನೋಡಲು ಹೋದರೆ, ಅಮುದಾ ಎಂಬ ದಾದಿ ರಾಜಮ್ಮಾಳಿಗೆ ತಲೆ ಬಾಚಿ, ಹೂ ಮುಡಿಸಿ, ತುತ್ತು ಮಾಡಿ ತಿನ್ನಿಸುತ್ತಿದ್ದಳು. ಮದುವೆಯಾಗಿ ಬಂದಂದಿನಿಂದ ಮನೆಯ ನೆರಳು ರಾಜಮ್ಮಾಳಿಗೆ, ದ್ರಾಕ್ಷಿ ತೋಟದ ಬಿಸಿಲು ತನಗೆ. ಈಗ ಇದೂ ಅವಳಿಗೇ? ಬೇಡವೆಂದು ಮಗ ಎಷ್ಟು ಗೋಗರೆದರೂ ಕೇಳದೆ ರಂಗಮ್ಮಾಳ್ ಪಕ್ಕದ ಮಂಚ ಹಿಡಿದಳು.

ಆದರೆ ಅಲ್ಲಿ ಆರೈಕೆಯನ್ನು ಅಳೆದು ಕೊಡುತ್ತಿದ್ದರು. ಮೇಲ್ವಿಚಾರಕ ಮುತ್ತುಕುಮಾರ್ ಆಗಾಗ ಬಂದು ಒಬ್ಬೊಬ್ಬರನ್ನೂ ಎಬ್ಬಿಸಿ ನಿಲ್ಲಿಸಿ, ಕೈಗೆ ಚಮಚ ಕೊಟ್ಟು ನೋಡುವನು. ತಾವೇ ಉಂಡು, ಮಿಂದು, ನಡೆಯುವವರು ಮೊದಲ ದರ್ಜೆ. ಎಲ್ಲಕ್ಕೂ ಇನ್ನೊಬ್ಬರ ಕೈ ಬೇಕಾದವರು ಮೂರನೆಯದು. ಕಟ್ಟುವ ಶುಲ್ಕವೂ, ಸಿಗುವ ದಾದಿಯ ಹೊತ್ತೂ ಅದರಂತೆ. ರಂಗಮ್ಮಾಳಿಗೆ ಮೊದಲ ದರ್ಜೆಯಾಯಿತು. ಅಮುದಾ ಅವಳತ್ತ ನಕ್ಕು ಮುಂದೆ ಹೋಗುವಳು, ಅಷ್ಟೇ.

ಮುಂದಿನ ಸಲ ಮುತ್ತುಕುಮಾರ್ ಬಂದಾಗ ಅವಳ ಕೈಯಿಂದ ಚಮಚ ಜಾರಿ ಬಿತ್ತು.

“ಕೈ ಏಳ್ತಿಲ್ಲ ತಂಬಿ. ಕಾಲೂ ನಿಲ್ತಿಲ್ಲ.”

ಡಾಕ್ಟರು ಬಂದು ನೋಡುವವರೆಗೆ ಮೂರನೇ ದರ್ಜೆ ಎಂದಾಯಿತು. ಮಗ ಗಾಬರಿಯಲ್ಲಿ ಎಲ್ಲಕ್ಕೂ ಹೂಂ ಅಂದ. ಹೊಸದಾಗಿ ಮಲಗಿದವಳಿಗೆ ಪಳಗಿದ ಕೈ ಬೇಕೆಂದು ಅಮುದಾ ಇವಳ ಪಾಲಿಗೆ ಬಂದಳು, ರಾಜಮ್ಮಾಳಿಗೆ ಹೊಸಬಳೊಬ್ಬಳು.

ಬೆಚ್ಚನೆ ನೀರು, ಬೆನ್ನಿಗೆ ಎಣ್ಣೆ. ರಂಗಮ್ಮಾಳ್ ಕಣ್ಣು ಮುಚ್ಚಿ ಸುಖಪಟ್ಟಳು. ಪಕ್ಕದಲ್ಲಿ ರಾಜಮ್ಮಾಳ್ ಹೊಸಬಳ ಅವಸರದ ತುತ್ತಿಗೆ ಬಾಯಿ ಬಿಗಿದು ಮುಖ ತಿರುವಿದಳು. ಆಗಲಿ, ಇವಳಿಗೂ ಸ್ವಲ್ಪ ಗೊತ್ತಾಗಲಿ ಎಂದು ರಂಗಮ್ಮಾಳಿಗೆ ಅನ್ನಿಸಿತು. ಮಾರನೆಯ ದಿನವೂ ರಾಜಮ್ಮಾಳ ತಟ್ಟೆ ಹಾಗೇ ವಾಪಸಾಯಿತು. ಸಂಜೆ ಹೊತ್ತಿಗೆ ಒಣಗಿ ಬಿರಿದ ಆ ತುಟಿ ನೋಡುತ್ತ ರಂಗಮ್ಮಾಳ್ ಅಮುದಾ ಚಾಚಿದ ತುತ್ತಿಗೆ ಬಾಯಿ ತೆರೆಯಲಿಲ್ಲ. ಮಂಚದಿಂದ ಇಳಿದು, ನೆಟ್ಟಗೆ ನಡೆದು ಹೋಗಿ, ಹೊಸಬಳ ಕೈಯಿಂದ ತಟ್ಟೆ ಕಿತ್ತುಕೊಂಡಳು.

“ಬಾಯ್ ತೆಗಿ ಅಕ್ಕಾ.”

ರಾಜಮ್ಮಾಳ್ ಸೊಟ್ಟ ಬಾಯಲ್ಲೇ ತೊದಲಿದಳು. “ಕೈ ಏಳಲ್ಲಾಂದೆ?”

“ಚುಮ್ಮಾ, ಮಾತಾಡ್ದೆ ತಿನ್ನು.”

“ಪೊಯ್ಯಿ, ಬರೀ ಸುಳ್ಳು ಅಂತ ನಂಗೆ ಅವತ್ತೇ ಗೊತ್ತು. ನಿಂಗೂ ಯಾರಾನಾ ಒಂದ್ ದಿನ ಸೇವೆ ಮಾಡ್ಲಿ ಅಂತ ಸುಮ್ನಿದ್ದೆ.”

ರಂಗಮ್ಮಾಳ್ ಇನ್ನೊಂದು ತುತ್ತು ಅವಳ ಬಾಯಿಗಿಟ್ಟಳು. ಬಾಗಿಲಲ್ಲಿ ನಿಂತಿದ್ದ ಮುತ್ತುಕುಮಾರನಿಗೆ, “ನನ್ನ ಮೊದಲಿನ ದರ್ಜೆಗೇ ಹಾಕು ತಂಬಿ,” ಅಂದಳು.

ಅಮುದಾ ಮತ್ತೆ ರಾಜಮ್ಮಾಳ ಕಡೆಗೆ ಹೋದಳು. ಆದರೆ ಊಟದ ಹೊತ್ತಿಗೆ ಅವಳು ತಟ್ಟೆ ಹಿಡಿದು ಬಂದರೆ ಈಗ ರಂಗಮ್ಮಾಳಿಗೆ ಮೈಯೆಲ್ಲ ಉರಿಯುತ್ತದೆ. “ನಮ್ಮಕ್ಕನಿಗೆ ನಾನ್ ಇಲ್ವಾ?” ಎಂದು ಅಡ್ಡ ನಿಲ್ಲುತ್ತಾಳೆ.