ಮಾಳಿಗೆಯ ಮೇಲಿನ ನಾಲ್ಕು ಧೋತರ

ಮೊಮ್ಮಗಳ ಪರೀಕ್ಷೆಯನ್ನು ನಾನು ಸೋಡಾ ಹಾಕಿ ಒಗೆದೆ. ನಡೆದದ್ದು ಇಷ್ಟೇ.

ಮಗ ಫೋನಿನಲ್ಲಿ "ಗೊತ್ತಿಲ್ಲದ ಆಗ್ಯಾದ, ಬಿಡವ್ವ" ಅಂದ. ಪಕ್ಕದ ಮನೆಯ ಖಾಜಾಬಿ "ನಸೀಬದಾಗ ಇದ್ದಂಗ ಆಗ್ತದ" ಅಂದಳು. ನಸೀಬಕ್ಕೆ ಕೈ ಇಲ್ಲ. ನನಗೆ ಎರಡು ಕೈ ಇವೆ, ಒಗೆದದ್ದು ಅವೇ. ನೀರು ಕಾಯಿಸಿ, ಸೋಡಾ ಹಾಕಿ, ಕಲ್ಲಿಗೆ ಬಡಿದು, ಮೂರು ಸಲ ಜಾಲಿಸಿ, ಮೇಲೆ ನೀಲಿಯನ್ನೂ ಹಾಕಿದೆ. ಹಿಡಿದ ಕೆಲಸ ಪೂರ್ತಿ ಮಾಡುವ ಚಟ ನನಗೆ. ವಾರವಾರ ಈ ಅಂಕಣ ಓದುವವರಿಗೆ ಈ ಚಟ ಹೊಸದಲ್ಲ.

ಮೊಮ್ಮಗಳು ಸುಜಾತಾ ಕಲಬುರಗಿಯಲ್ಲಿ ಚಿತ್ರಕಲೆ ಓದುತ್ತಾಳೆ. ಕೊನೆಯ ವರ್ಷ. ವಾರವೆಲ್ಲ ಹಾಸ್ಟೆಲ್, ಶನಿವಾರ ಪ್ಯಾಸೆಂಜರ್ ರೈಲು ಹಿಡಿದು ಶಹಾಬಾದಿಗೆ ಇಳಿದು, ಅಲ್ಲಿಂದ ಟಂಟಂ ಆಟೋದಲ್ಲಿ ಊರಿಗೆ ಬರುತ್ತಾಳೆ. ಚಿತ್ರ ಬಿಡಿಸುವುದಕ್ಕೂ ಕಾಲೇಜು ಇದೆ ಅಂತ ನನಗೆ ತಿಳಿದದ್ದೇ ಅವಳಿಂದ. ನಾನು ನಾಲ್ಕನೇ ಇಯತ್ತೆ ಓದಿದವಳು. ನಮ್ಮ ಕಾಲಕ್ಕೆ ಚಿತ್ರ ಅಂದರೆ ಕ್ಯಾಲೆಂಡರು. ವರ್ಷ ಮುಗಿದರೂ ಚಿತ್ರ ಚೆನ್ನಾಗಿದ್ದರೆ ಮೊಳೆಯಿಂದ ಇಳಿಸುತ್ತಿರಲಿಲ್ಲ.

(ಪ್ರತಿ ವಾರ ನನ್ನ ಕಾಗುಣಿತ ತಿದ್ದುವವಳೂ ಅವಳೇ. ಈ ವಾರ ತೋರಿಸಿಲ್ಲ. ತಪ್ಪಿದ್ದರೆ ಅದೂ ನಂದೇ.)

ಮೊದಲ ವರ್ಷ ಅವಳು ನವಿಲು ಬರೆದಳು. ನವಿಲಿನ ಮೇಲೆ ನವಿಲು, ಮನೆ ತುಂಬ ನವಿಲು. ಎರಡನೇ ವರ್ಷ ಒಂದು ದೊಡ್ಡ ಜಲಪಾತ ಬರೆದು, ಕೆಳಗೆ ನೀರು ಕುಡಿಯುವ ಜಿಂಕೆ ನಿಲ್ಲಿಸಿದಳು. ನನಗಂತೂ ಭಾಳ ಹಿಡಿಸಿತು. ಆದರೆ ನಮ್ಮೂರಲ್ಲಿ ಜಿಂಕೆ ಎಲ್ಲಿದೆ? ಅಷ್ಟು ನೀರು ಎಲ್ಲಿದೆ? ಮೂರನೇ ವರ್ಷ ಮಳಖೇಡದ ಕೋಟೆಗೆ ಹೋಗಿ ನಾಲ್ಕು ದಿನ ಬಿಸಿಲಲ್ಲಿ ಕೂತು ಬರೆದುಕೊಂಡು ಬಂದಳು. ಅವಳ ಸರ್ ಪ್ರತಿ ಸಲ ನೋಡಿ, ಕೈ ಚೆನ್ನಾಗಿದೆ ಅಂತ ಹೊಗಳಿ, ಆಮೇಲೆ ಒಂದೇ ಮಾತು ಕೇಳುತ್ತಿದ್ದರಂತೆ: "ಇದರಾಗ ನೀ ಎಲ್ಲಿದ್ದಿ?"

ಆ ಮಾತು ಕೇಳಿ ಬಂದ ಶನಿವಾರಗಳಲ್ಲಿ ಅವಳು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು.

"ಜಿಂಕಿ ಪಕ್ಕದಾಗ ನಿನ್ನದೊಂದು ಚಿತ್ರ ಬರದು ಕೊಡು, ಮುಗೀತು" ಅಂತ ನಾನು ಹೇಳಿದ್ದೆ.

"ಹಂಗಲ್ಲ ಆಯಿ" ಅಂದಳು. ಹೇಗೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಈಗ ಧೂಳಿನ ಮಾತು. ನಮ್ಮೂರು ಶಹಾಬಾದಿಗೂ ವಾಡಿಗೂ ನಡುವೆ ಇದೆ. ಸುತ್ತಲೂ ಪರಸಿ ಕಲ್ಲು ಕೊಯ್ಯುವ ಮಷೀನಿನ ಶೆಡ್ಡುಗಳು. ನಿಮ್ಮ ಮನೆಯ ನೆಲಕ್ಕೆ ಹಾಸಿದ್ದೀರಲ್ಲ, ನುಣ್ಣನೆಯ ಚೌಕದ ಕಲ್ಲು, ಅದು ಇಲ್ಲಿಂದ ಬಂದದ್ದು. ಕಲ್ಲು ನಿಮಗೆ ಬರುತ್ತದೆ. ಧೂಳು ನಮಗೆ ಉಳಿಯುತ್ತದೆ.

ಮೂವತ್ತು ವರ್ಷ ನಾನು ಆ ಶೆಡ್ಡುಗಳಲ್ಲಿ ತಲೆಯ ಮೇಲೆ ಬಳೆಯಂತೆ ಸುತ್ತಿದ ಬಟ್ಟೆಯ ಸಿಂಬಿ ಇಟ್ಟು ಕಲ್ಲು ಹೊತ್ತಿದ್ದೇನೆ. ನನ್ನ ಗಂಡ, ನಮ್ಮವರು, ಖಣಿಯಲ್ಲಿ ಉಳಿ ಹಿಡಿದು ಕಲ್ಲು ಬಿಡಿಸುತ್ತಿದ್ದರು. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ, ಧೋತರ ಎಲ್ಲಕ್ಕೂ ಒಂದೇ ಬಣ್ಣ. ದಿನಾ ಆ ಧೋತರ ಒಗೆದು ಬೆಳ್ಳಗೆ ಮಾಡುವುದು ನನ್ನ ಹಟ. ದಿನಾ ಅದನ್ನು ಬೂದಿ ಬಣ್ಣ ಮಾಡಿ ತರುವುದು ಖಣಿಯ ಹಟ. ಇಬ್ಬರಲ್ಲಿ ಯಾರೂ ಸೋಲಲಿಲ್ಲ.

ನಮ್ಮ ಕಡೆ ಹೆಂಗಸರು ಎದ್ದು ಮುಖ ತೊಳೆಯುವ ಮೊದಲು ಕಸಬರಿಗೆ ಹಿಡಿಯುತ್ತಾರೆ. ಮನೆಯ ಮೇಲಿನ ಬಯಲು ಮಾಳಿಗೆ ಗುಡಿಸಿ, ಆಮೇಲೆ ಅಂಗಳ. ಧೂಳು ಕಂಡರೆ ಕೈ ತಾನೇ ಏಳುತ್ತದೆ. ಇದರಲ್ಲಿ ಯೋಚನೆ ಗೀಚನೆ ಏನಿಲ್ಲ. ನೊಣ ಕೂತರೆ ಎಮ್ಮೆ ಬಾಲ ಬೀಸುತ್ತದಲ್ಲ, ಹಾಗೆ.

ದೀಪಾವಳಿಯಿಂದ ಈಚೆ ನನ್ನ ಮೊಳಕಾಲು ಏಣಿಗೆ ಬಗ್ಗುತ್ತಿರಲಿಲ್ಲ. ಸುಜಾತಾ ಹೇಳಿದಳು, "ಆಯಿ, ನೀ ಮಾಳಗಿ ಹತ್ತಬ್ಯಾಡ. ನಾ ಬಂದಾಗ ನೋಡ್ಕೋತೀನಿ." ಮೊಮ್ಮಗಳಿಗೆ ನನ್ನ ಕಾಲಿನ ಮೇಲೆ ಎಷ್ಟು ಮರುಕ ಅಂತ ಖಾಜಾಬಿಯ ಮುಂದೆ ನಾಲ್ಕು ಸಲ ಹೇಳಿಕೊಂಡೆ. (ಮರುಕ ಅರ್ಧ, ಇನ್ನರ್ಧ ಬೇರೆ ಅಂತ ಆಮೇಲೆ ತಿಳಿಯಿತು.)

ಹೋದ ಗುರುವಾರ ಕಾಲು ಸ್ವಲ್ಪ ಹಗುರ ಅನ್ನಿಸಿತು. ಮೆಣಸಿನಕಾಯಿ ಒಣಗಿಸಲು ಹಾಕೋಣ ಅಂತ ನಿಧಾನಕ್ಕೆ ಏಣಿ ಹತ್ತಿದೆ. ಹತ್ತಿ ನೋಡಿದರೆ, ತೀರಿಕೊಂಡ ನನ್ನ ಗಂಡನ ನಾಲ್ಕು ಧೋತರ ಮಾಳಿಗೆ ಮೇಲೆ ಹಾಸಿವೆ. ನಾನೇ ಮಡಚಿ ಟ್ರಂಕಿನಲ್ಲಿ ಇಟ್ಟಿದ್ದವು. ಮೂಲೆಮೂಲೆಗೆ ಕಲ್ಲು. ಒಂದರ ಮೇಲೆ ಅವರ ಉಳಿ, ಸುತ್ತಿಗೆ. ಇನ್ನೊಂದರ ಮೇಲೆ ಅವರ ಚಪ್ಪಲಿ. ಮತ್ತೊಂದರ ಮೇಲೆ ನನ್ನ ಹಳೆಯ ಸಿಂಬಿ. ನಾಲ್ಕನೆಯದು ಖಾಲಿ. ಎಲ್ಲದರ ಮೇಲೂ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಚಳಿಗಾಲದ ಇಬ್ಬನಿ ಕುಡಿದು, ಒಣಗಿ, ಗಂಜಿ ಹಾಕಿದಂತೆ ಗಟ್ಟಿಯಾದ ಧೂಳು.

ಏನು ಅನ್ನಿಸಿತು ಅಂತ ಕೇಳುತ್ತೀರಾ? ಸತ್ತ ಮೇಲೂ ಈ ಮನುಷ್ಯನಿಗೆ ಧೂಳು ಬಿಡಲಿಲ್ಲವಲ್ಲ ಅನ್ನಿಸಿತು. ಆಮೇಲೆ ಏನೂ ಅನ್ನಿಸಲಿಲ್ಲ. ಉಳಿ, ಚಪ್ಪಲಿ, ಸಿಂಬಿ ಎಲ್ಲ ಪಕ್ಕಕ್ಕಿಟ್ಟು ಧೋತರ ಝಾಡಿಸಿ ಕೆಳಗೆ ಎಸೆದೆ. ಉಳಿದದ್ದು ನಿಮಗೆ ಮೊದಲೇ ಹೇಳಿದ್ದೇನೆ.

ಶನಿವಾರ ಮಧ್ಯಾಹ್ನ ಸುಜಾತಾ ಬಂದಳು. ಅಂಗಳದ ಹಗ್ಗದ ಮೇಲೆ ನಾಲ್ಕೂ ಧೋತರ ಬೆಳ್ಳಗೆ ಕೊಕ್ಕರೆಯಂತೆ ಹಾರಾಡುತ್ತಿದ್ದವು. ಭುಜದ ಚೀಲ ಇಳಿಸದೆ ನಿಂತಳು.

"ಆಯಿ, ಮಾಳಗಿ ಹತ್ತಿದ್ದೇನು?"

"ಹತ್ತೀನಿ. ನಿಮ್ಮ ಮುತ್ಯಾನ ಧೋತರ ಯಾರು ಹಂಗ ಬಿಸಾಕ್ಯಾರ? ನೀನೇ ಏನು?"

ಅವಳು ಹತ್ತಿರ ಹೋಗಿ ಒಂದು ಸೆರಗು ಹಿಡಿದು ನೋಡಿದಳು. "ನೀಲಿ ಹಾಕಿದಿ?"

"ಹಾಕೀನಿ."

"ಎಷ್ಟ್ ಸಲ ಜಾಲಿಸಿದಿ?"

"ಮೂರು."

ಅವಳು ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ಅತ್ತಿದ್ದರೆ ನಾನು ಬೈಯಬಹುದಿತ್ತು.

ಆಮೇಲೆ ಫೋನ್ ತೆಗೆದು ಫೋಟೊ ತೋರಿಸಿದಳು. ಚಪ್ಪಲಿ ಎತ್ತಿದಾಗ ತೆಗೆದದ್ದು ಅದು. ಸುತ್ತಲೂ ಬೂದಿ ಬಣ್ಣ, ನಡುವೆ ಎರಡು ಬೆಳ್ಳನೆಯ ಹೆಜ್ಜೆ. ಮುಂದಿನ ಫೋಟೊದಲ್ಲಿ ಉಳಿ, ಸುತ್ತಿಗೆ ಇದ್ದ ಜಾಗದಲ್ಲಿ ಉಳಿ, ಸುತ್ತಿಗೆಯದೇ ಆಕಾರ. ಇನ್ನೊಂದರಲ್ಲಿ ಒಂದು ದುಂಡು, ಒಳಗೆ ಹುಣ್ಣಿಮೆ ಚಂದ್ರನಷ್ಟು ಧೂಳು. ಅದು ನನ್ನ ಸಿಂಬಿ. ಮೂವತ್ತು ವರ್ಷ ನನ್ನ ತಲೆಯ ಮೇಲೆ ಇದ್ದದ್ದು. ಅದರ ಆಕಾರ ನಾನು ಕಣ್ಣಿಟ್ಟು ನೋಡಿದ್ದೇ ಆವತ್ತು. ತಲೆಯ ಮೇಲಿದ್ದದ್ದು ಕಣ್ಣಿಗೆ ಹೇಗೆ ಕಾಣಬೇಕು?

"ತಾನೇ ಬಿದ್ದ ಧೂಳದ ಇದು. ನಾ ಏನೂ ಬರದಿಲ್ಲ" ಅಂದಳು. "ಎರಡು ತಿಂಗಳ ಕಾದೀನಿ ಆಯಿ. ವಾರಕ್ಕೊಮ್ಮಿ ಸಾಮಾನ ಎತ್ತಿ ನೋಡ್ತಿದ್ದೆ, ಮತ್ತ ಅದೇ ಜಾಗದಾಗ ಇಡ್ತಿದ್ದೆ. ಸರ್ ಹಿಂದಿನ ವಾರ ಫೋಟೊ ನೋಡಿ ಏನೂ ಕೇಳಲಿಲ್ಲ. ಮೊದಲನೇ ಸಲ ಏನೂ ಕೇಳಲಿಲ್ಲ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಬಿಡ್ತಿದ್ದೇನು? ಮುತ್ಯಾನ ಬಟ್ಟಿಗಿ ಧೂಳ ಬಡೀತದ ಅಂದ್ರ?"

ಬಿಡುತ್ತಿರಲಿಲ್ಲ. ಅದೂ ಖರೆ.

ಸೋಮವಾರ ಹೊರಗಿನವರು ಬಂದು ಕೆಲಸ ನೋಡಿ ಮಾರ್ಕ್ಸ್ ಹಾಕುವ ದಿನ. ಅವತ್ತು ತೋರಿಸದಿದ್ದರೆ ಫೇಲಾದವರ ಜೊತೆ ಎರಡು ತಿಂಗಳ ಮೇಲೆ ತೋರಿಸಬೇಕು. ಅಷ್ಟರಲ್ಲಿ ಮುಂದಿನ ಓದಿನ ಸೀಟು ಹೋಗುತ್ತದೆ. ಅಂದರೆ ಒಂದು ವರ್ಷ ಹೋದಂತೆ.

ಒಗೆದವಳು ನಾನು, ದಾರಿ ಹುಡುಕಬೇಕಾದವಳೂ ನಾನೇ ಅಲ್ಲವೆ? ಮೊದಲು ಅಂದೆ, "ಫೋಟೊ ತೋರಿಸು."

"ಫೋಟೊ ನೋಡಲ್ಲ ಅವರು. ಬಟ್ಟಿ ಬೇಕು."

"ಜಿಂಕಿ ಒಯ್ಯಿ. ಇಷ್ಟು ಛಂದ ಅದ."

"ಜಿಂಕಿ ಒಯ್ದರ ಪಾಸ್ ಆಗ್ತೀನಿ."

"ಮತ್ತ?"

"ಮತ್ತ ಏನಿಲ್ಲ. ಪಾಸ್ ಆಗ್ತೀನಿ ಅಷ್ಟೇ."

ಈ ಮಾತು ನನಗೆ ತಿಳಿಯಲಿಲ್ಲ. ಪಾಸಾಗುವುದು ಸಾಲದು ಅನ್ನುವ ಹುಡುಗಿಯನ್ನು ನಮ್ಮ ಮನೆತನದಲ್ಲಿ ನೋಡುತ್ತಿರುವುದು ಇದೇ ಮೊದಲು. ಹೋಗಲಿ ಅಂತ ನನ್ನ ಹತ್ತಿರ ಇದ್ದ ದೊಡ್ಡ ಉಪಾಯ ಹೊರಗೆ ತೆಗೆದೆ. ಶೆಡ್ಡಿನ ಉಸ್ತುವಾರಿ ನೋಡುವ ಮುನಶಿ ನನ್ನ ಕೈಕೆಳಗೆ ಕೆಲಸ ಕಲಿತವನು. ದೊಡ್ಡ ಗರಗಸದ ಹತ್ತಿರ ಒಂದು ದಿನ ಧೋತರ ಹಾಸಿದರೆ ಮಾಳಿಗೆ ಮೇಲೆ ಎರಡು ತಿಂಗಳಿಗೆ ಬೀಳುವಷ್ಟು ಧೂಳು ಬೀಳುತ್ತದೆ. ಮೇಲೆ ಚೂರು ನೀರು ಚಿಮುಕಿಸಿದರೆ ಅದೇ ಗಟ್ಟಿತನ. ಭಾನುವಾರ ಸಂಜೆಗೆ ತಯಾರು.

"ಧೂಳಿನ ವಿದ್ಯಾ ನನಗ ಕಲಿಸಬ್ಯಾಡ. ಈಗ ಹೋಗಿ ಮುನಶಿಗಿ ಹೇಳಿ ಬರ್ತೀನಿ" ಅಂತ ಎದ್ದೇಬಿಟ್ಟೆ.

ಅವಳು ನನ್ನ ಸೆರಗು ಹಿಡಿದಳು. "ಬ್ಯಾಡ ಆಯಿ. ಅದು ಬಿದ್ದ ಧೂಳಲ್ಲ, ಸುರುವಿದ್ದು."

"ನಿಮ್ಮ ಸರ್‌ಗ ಗೊತ್ತಾಗ್ತದೇನು?"

"ಆಗಲ್ಲ."

"ಹೊರಗಿನವರಿಗಿ?"

"ಅವರಿಗೂ ಆಗಲ್ಲ. ನಂಗ ಗೊತ್ತದಲ್ಲ."

ನಾನು ಮತ್ತೆ ಕೂತುಕೊಂಡೆ. ಈ ಮಾತು ಈ ಮನೆಯಲ್ಲಿ ಮೊದಲೂ ಒಮ್ಮೆ ಕೇಳಿದ್ದೆ. ಬಿರುಕು ಬಿಟ್ಟ ಪರಸಿಗೆ ಕಲ್ಲಿನ ಪುಡಿ ತುಂಬಿ ಪಾಲಿಶ್ ಹೊಡೆದರೆ ಯಾರಿಗೂ ಕಾಣುವುದಿಲ್ಲ. ಒಬ್ಬ ಸಾಹುಕಾರ ನಮ್ಮವರಿಗೆ ಹಾಗೆ ಮಾಡು ಅಂದ. ಇವರು ಒಲ್ಲೆ ಅಂದರು. ಯಾರಿಗೆ ಗೊತ್ತಾಗುತ್ತದೆ ಅಂತ ನಾನು ಕೇಳಿದ್ದಕ್ಕೆ ಇದೇ ಉತ್ತರ ಕೊಟ್ಟರು. ಆ ಉತ್ತರದಿಂದ ಒಲೆ ಉರಿಯಲಿಲ್ಲ, ಒಂದು ಮಳೆಗಾಲ ಕೆಲಸವಿಲ್ಲದೆ ಕೂತರು. ಆಗ ನನಗೆ ಭಾಳ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಇಳಿದಿಲ್ಲ.

ಆದರೆ ಆ ಸಿಟ್ಟು ಈ ಹುಡುಗಿಯ ಮೇಲೆ ಬರಲಿಲ್ಲ. ಯಾಕೆ? ಮೊಮ್ಮಕ್ಕಳ ವಿಷಯದಲ್ಲಿ ತಕ್ಕಡಿ ಬೇರೆ ಇರುತ್ತದೆ, ಅಷ್ಟೇ. ಗಂಡನಲ್ಲಿ ಮೊಂಡುತನ ಅಂದದ್ದನ್ನು ಮೊಮ್ಮಗಳಲ್ಲಿ ಬೇರೆ ಹೆಸರಿನಿಂದ ಕರೆಯುತ್ತೇವೆ.

ಅವಳು ಸರ್‌ಗೆ ಫೋನ್ ಮಾಡಿದಳು. ಸ್ಪೀಕರ್ ಹಾಕು ಅಂದೆ, ಹಾಕಿದಳು.

"ಸರ್, ಸೋಮವಾರ ತೋರಿಸೋದು ಆಗಲ್ಲ. ಧೋತರ ಒಗದಾರ."

"ಒಗದಾರ ಅಂದ್ರ? ಯಾರು?"

ನಾನು ಫೋನ್ ಕಸಿದುಕೊಂಡೆ. "ನಾನ್ರೀ ಸರ್, ಅಕಿ ಆಯಿ. ತಪ್ಪು ನಂದದ. ಹುಡುಗಿ ಹೆಸರಿನ ಮುಂದ ಬರೀಬ್ಯಾಡ್ರಿ."

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ಅಮ್ಮಾರ, ಪೂರಾ ಹೋಯ್ತೇನ್ರಿ?"

"ಪೂರಾ ಹೋಗ್ಯಾದ್ರಿ. ನಾ ಒಗದರ ಉಳಿಯಲ್ಲ."

ಜಿಂಕೆಯ ಚಿತ್ರವನ್ನಾದರೂ ತರಲಿ ಅಂತ ಸರ್ ಕೂಡ ಹೇಳಿದರು. ಒಂದು ವರ್ಷ ಸಣ್ಣದಲ್ಲ, ರಾತ್ರಿ ವಿಚಾರ ಮಾಡು ಅಂದರು. ಸುಜಾತಾ ವಿಚಾರ ಮಾಡಲಿಲ್ಲ. "ಎರಡು ತಿಂಗಳ ಮ್ಯಾಲೆ ಫೇಲಾದವರ ಜೋಡಿ ಬರ್ತೀನಿ ಸರ್" ಅಂತ ಫೋನ್ ಇಟ್ಟಳು. ಆಮೇಲೆ ಎರಡು ರೊಟ್ಟಿ ಜಾಸ್ತಿ ತಿಂದಳು. ನಾಲ್ಕು ವರ್ಷ ಒಂದು ಪ್ರಶ್ನೆಗೆ ಉತ್ತರ ಇಲ್ಲದೆ ಗೋಡೆ ಕಡೆ ಮುಖ ಮಾಡಿ ಮಲಗಿದವಳು, ಆವತ್ತು ನನ್ನ ಕಡೆ ಮುಖ ಮಾಡಿ ಮಲಗಿದಳು.

ಮಲಗುವ ಮೊದಲು ಒಂದು ಮಾತು ಕೇಳಿದ್ದೆ. "ನಾಲ್ಕನೇ ಧೋತರ ಯಾಕ ಖಾಲಿ ಬಿಟ್ಟಿದ್ದಿ?"

"ಉಳಿ, ಚಪ್ಪಲಿ, ಸಿಂಬಿ, ಮೂರೂ ಹಳೇವು. ಒಂದರ ಮ್ಯಾಲ ಈಗಿನದ್ದು ಇಡಬೇಕು, ದಿನಾ ಕೈಯಾಗ ಇರುವಂಥಾದ್ದು. ಏನಂತ ಹೊಳೀಲಿಲ್ಲ."

ಮಕ್ಕಳು ನವಿಲು, ಜಿಂಕೆ ಅಂತ ಊರೂರು ಅಲೆದು ಕೊನೆಗೆ ಸ್ವಂತ ಮಾಳಿಗೆ ಹತ್ತುತ್ತಾರೆ. ಹತ್ತುವ ಹೊತ್ತಿಗೆ ನಾವು ಅದನ್ನು ಗುಡಿಸಿ ಇಟ್ಟಿರುತ್ತೇವೆ. ಒಳ್ಳೆಯದಕ್ಕೇ ಗುಡಿಸುತ್ತೇವೆ. ನಿಮ್ಮ ಮನೆಯಲ್ಲೂ ಒಂದು ಮಾಳಿಗೆ ಇರಬೇಕು, ನೋಡಿಕೊಳ್ಳಿ.

ಮರುದಿನ ಬೆಳಗ್ಗೆ ಎದ್ದವಳೇ ಹಗ್ಗದ ಮೇಲಿನ ಧೋತರಗಳನ್ನು ಎಳೆದುಕೊಂಡು ಏಣಿ ಹತ್ತಿದೆ. ಒಂದೊಂದು ಮೆಟ್ಟಿಲಿಗೂ ಮೊಳಕಾಲು ನನ್ನ ಹೆಸರು ಹಿಡಿದು ಬೈಯಿತು. ನಾಲ್ಕೂ ಹಾಸಿದೆ, ಮೂಲೆಗೆ ಕಲ್ಲು ಇಟ್ಟೆ. ಉಳಿ, ಸುತ್ತಿಗೆ, ಚಪ್ಪಲಿ, ಸಿಂಬಿ ಅವುಗಳ ಜಾಗಕ್ಕೆ ಹೋದವು.

ಖಾಜಾಬಿ ತನ್ನ ಮಾಳಿಗೆ ಗುಡಿಸುತ್ತಿದ್ದವಳು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಶಾಂತಾಬಾಯಿ, ನೀಲಿ ಹಾಕಿ ಒಗದ ಬಟ್ಟಿ ಧೂಳಾಗ ಹಾಸ್ಲಿಕತ್ತಿ. ತಲಿ ನೆಟ್ಟಗದನು?"

"ಧೂಳ ಬೀಳಲಿ ಅಂತೇ ಹಾಸೀನಿ. ನಿಂದು ಗುಡಿಸೂದಿದ್ರ ಜರಾ ಈ ಕಡಿ ಗುಡಿಸು."

ಕೆಳಗಿನಿಂದ ಸುಜಾತಾಳ ದನಿ ಬಂತು. "ಆಯಿ, ಸುರುವಿದ್ದು ನಡಿಯಲ್ಲ."

"ಬ್ಯಾಡಂತ ಖಾಜಾ, ಆ ಕಡಿ ಗುಡಿಸ್ಕೊ" ಅಂದೆ.

ಮಾಳಿಗೆ ತುಂಬ ಹೊಸ ಧೂಳು ಬಿದ್ದಿತ್ತು. ನನ್ನ ಕೈಯಲ್ಲಿ ಕಸಬರಿಗೆ ಇತ್ತು; ಅದಿಲ್ಲದೆ ನಾನು ಮಾಳಿಗೆ ಹತ್ತಿದವಳಲ್ಲ. ಅದನ್ನು ನಾಲ್ಕನೆಯ ಧೋತರದ ನಡುವೆ ಅಡ್ಡ ಮಲಗಿಸಿ, ಬರಿಗೈಯಲ್ಲಿ ಕೆಳಗೆ ಇಳಿದೆ.